ಇದ್ದೂ ಇಲ್ಲದಂಗ: ‘ಹಾರ್ಡ್‌ಲಿ’ ಎಂಬ ಪದವನ್ನು ಕನ್ನಡಕ್ಕೆ ತರುವಾಗ

ಪಿಎಚ್.ಡಿ. ಪ್ರವೇಶದ ಸಂದರ್ಶನದಲ್ಲಿ ನನ್ನ ಓದಿನ ಕ್ರಮದ ಬಗ್ಗೆ ಕೇಳಿದರು. ಪ್ರಶ್ನೆ ಇಂಗ್ಲಿಷಿನಲ್ಲಿತ್ತು, ಉತ್ತರವೂ ಅದರಲ್ಲೇ ಬರಲಿ ಎಂಬ ನಿರೀಕ್ಷೆ ಇತ್ತು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಧೈರ್ಯ ಮಾಡಿ ‘ಐ ಸ್ಟಡಿ ಹಾರ್ಡ್‌ಲಿ, ಸರ್’ ಅಂದೆ. ಕಷ್ಟಪಟ್ಟು ಓದುತ್ತೇನೆ ಎಂಬುದು ನನ್ನ ಮನಸ್ಸಿನಲ್ಲಿದ್ದ ಮಾತು. ಓದುವುದು ಅಷ್ಟಕ್ಕಷ್ಟೇ ಎಂಬುದು ಅವರಿಗೆ ಕೇಳಿಸಿದ ಮಾತು. ಮೇಜಿನ ಆಚೆ ಕೂತಿದ್ದ ಇಬ್ಬರು ನಕ್ಕರು. ಅವರು ನಕ್ಕದ್ದು ಯಾಕೆ ಎಂದು ನನಗೆ ತಿಳಿದದ್ದು ಸಂಜೆ, ಗೊರೇಬಾಳಕ್ಕೆ ಹೋಗುವ ಬಸ್ಸಿನಲ್ಲಿ ಕೂತ ಮೇಲೆ.

ಆ ಅವಮಾನ ಈಗ ಉಳಿದಿಲ್ಲ. ಪದ ಮಾತ್ರ ಬೆನ್ನು ಬಿಟ್ಟಿಲ್ಲ. ಅನುವಾದದ ಬಗ್ಗೆ ಸಂಶೋಧನೆ ಮಾಡುತ್ತ, ಜೊತೆಗೆ ಪದವಿ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಹೇಳಿಕೊಡುತ್ತ ಬಂದಂತೆ ಒಂದು ವಿಷಯ ಸ್ಪಷ್ಟವಾಯಿತು. ‘ಹಾರ್ಡ್‌ಲಿ’ಯಂಥ ಪದಗಳನ್ನು ನಾವು ಶಬ್ದಕೋಶದ ಸಮಸ್ಯೆ ಎಂದುಕೊಂಡಿದ್ದೇವೆ. ಒಂದು ಸಮಾನ ಪದ ಸಿಕ್ಕರೆ ಕೆಲಸ ಮುಗಿಯಿತು ಎಂಬ ನಂಬಿಕೆ ನಮ್ಮದು. ಆದರೆ ಅದು ಇದೆ ಮತ್ತು ಇಲ್ಲದರ ನಡುವೆ ಗೆರೆ ಎಲ್ಲಿ ಎಳೆಯಬೇಕು, ಆ ಗೆರೆಯನ್ನು ಎಳೆಯುವವರು ಯಾರು ಎಂಬ ಪ್ರಶ್ನೆ. ಕನ್ನಡದಲ್ಲಿ ಇದಕ್ಕೆ ಉತ್ತರವಿದೆ. ನಾವು ಹುಡುಕುತ್ತಿರುವ ಜಾಗದಲ್ಲಿ ಅದು ಇಲ್ಲ, ಅಷ್ಟೇ.

ಮೊದಲು ಇಂಗ್ಲಿಷಿನಲ್ಲಿ ಈ ಪದ ಏನು ಮಾಡುತ್ತದೆ ನೋಡೋಣ. ‘ಹಿ ಹಾರ್ಡ್‌ಲಿ ಕಮ್ಸ್’ ಎಂಬ ವಾಕ್ಯದಲ್ಲಿ ‘ನಾಟ್’ ಇಲ್ಲ. ಆದರೂ ಆ ವಾಕ್ಯ ನಿಷೇಧದ ವಾಕ್ಯದಂತೆಯೇ ನಡೆದುಕೊಳ್ಳುತ್ತದೆ. ನಿಷೇಧವಿದ್ದಲ್ಲಿ ಬರುವ ‘ಎನಿ’, ‘ಎವರ್’ಗಳು ಇದರ ಪಕ್ಕದಲ್ಲಿ ಸಲೀಸಾಗಿ ಬರುತ್ತವೆ: ‘ಹಾರ್ಡ್‌ಲಿ ಎನಿಬಡಿ’, ‘ಹಾರ್ಡ್‌ಲಿ ಎವರ್’. ವಾಕ್ಯದ ಕೊನೆಗೆ ಪ್ರಶ್ನೆ ಸೇರಿಸಿದರೆ ‘ಡಸ್ ಹಿ?’ ಎಂದೇ ಸೇರಿಸಬೇಕು, ‘ಡಸಂಟ್ ಹಿ?’ ಎಂದರೆ ತಪ್ಪಾಗುತ್ತದೆ. ಅಂದರೆ ವ್ಯಾಕರಣ ಇದನ್ನು ‘ಇಲ್ಲ’ದ ಪಟ್ಟಿಗೆ ಸೇರಿಸಿಕೊಂಡಿದೆ. ಅರ್ಥ ಮಾತ್ರ ಪೂರ್ತಿ ‘ಇಲ್ಲ’ಕ್ಕೆ ಬಂದು ನಿಂತಿಲ್ಲ. ಅವನು ಆಗೊಮ್ಮೆ ಈಗೊಮ್ಮೆ ಬಂದಿರಬಹುದು.

ಕಲಿಯುವವರು ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು ನಾನು ಎಡವಿದ ಜಾಗ. ‘ಸ್ಲೋ’ದಿಂದ ‘ಸ್ಲೋಲಿ’ ಆಗುವಂತೆ ‘ಹಾರ್ಡ್’ನಿಂದ ‘ಹಾರ್ಡ್‌ಲಿ’ ಆಗಿದೆ, ಹಾಗಾಗಿ ಅದರ ಅರ್ಥ ‘ಕಷ್ಟಪಟ್ಟು’ ಎಂದುಕೊಳ್ಳುವುದು. ಇನ್ನೊಂದು, ಅದರ ಜೊತೆಗೆ ಮತ್ತೊಂದು ‘ನಾಟ್’ ಸೇರಿಸಿ ‘ಹಿ ಹಾರ್ಡ್‌ಲಿ ಡಸಂಟ್ ಕಮ್’ ಎನ್ನುವುದು. ಚೀನಿ ಭಾಷಿಕರಿಗೆ ಇಂಗ್ಲಿಷ್ ಕಲಿಸುವವರೂ ಈ ಎರಡನ್ನೇ ಮತ್ತೆ ಮತ್ತೆ ತಿದ್ದಬೇಕಾಗುತ್ತದೆ. ಚೀನಿಯಲ್ಲಿ ಈ ಅರ್ಥಕ್ಕೆ ಸಾಮಾನ್ಯವಾಗಿ ಬಳಸುವುದು ‘ಜೀಹು ಬು’. ‘ಜೀಹು’ ಎಂದರೆ ಹೆಚ್ಚೂಕಡಿಮೆ, ‘ಬು’ ನಿಷೇಧದ ಪದ. ಎರಡು ಪದಗಳಲ್ಲಿ ಹೇಳುವುದನ್ನು ಇಂಗ್ಲಿಷ್ ಒಂದರಲ್ಲೇ ಹೇಳಿ ಮುಗಿಸಿದೆ ಎಂದು ಅವರಿಗೆ ಬೇಗ ನಂಬಿಕೆ ಬರುವುದಿಲ್ಲ. ‘ಹಾರ್ಡ್‌ಲಿ’ಯನ್ನು ‘ಜೀಹು’ ಎಂದು ತಿಳಿದು, ‘ಬು’ಗೆ ಒಂದು ‘ನಾಟ್’ ಹುಡುಕುತ್ತಾರೆ. ‘ಹೆನ್ ಷಾವ್’ ಎಂಬ ಇನ್ನೊಂದು ದಾರಿಯೂ ಅವರಿಗಿದೆ. ಅದರ ಅರ್ಥ ‘ಬಹಳ ಕಡಿಮೆ’, ಅದರಲ್ಲಿ ನಿಷೇಧವೇ ಇಲ್ಲ. ಅಂದರೆ ಒಂದೇ ಇಂಗ್ಲಿಷ್ ಪದದ ಮುಂದೆ ನಿಂತು ಚೀನಿ ವಿದ್ಯಾರ್ಥಿ ‘ಇಲ್ಲ’ದ ಕಡೆಗೋ ‘ಕಡಿಮೆ ಇದೆ’ಯ ಕಡೆಗೋ ಎಂದು ನಿರ್ಧರಿಸಬೇಕು. ನಮ್ಮ ಪಾಡೂ ಇದೇ.

ಮೊದಲ ತಪ್ಪನ್ನು ತಿದ್ದಲು ನಾನೀಗ ಕನ್ನಡದ ‘ಕಷ್ಟ’ ಎಂಬ ಪದವನ್ನೇ ಬಳಸುತ್ತೇನೆ. ‘ಹಾರ್ಡ್‌ಲಿ’ಗೆ ಹಿಂದೆ ‘ಬಲವಾಗಿ’, ‘ಪ್ರಯಾಸದಿಂದ’ ಎಂಬ ಅರ್ಥಗಳಿದ್ದವು. ಪ್ರಯಾಸದಿಂದ ಆಗುವುದು ಬರಬರುತ್ತ ಆಗಿಯೂ ಆಗದಂತಿರುವುದಾಯಿತು. ಇದು ವಿಚಿತ್ರ ಅನ್ನಿಸಿದರೆ ನಮ್ಮ ಮಾತನ್ನೇ ಕೇಳಿಸಿಕೊಳ್ಳಬೇಕು. ‘ಕಷ್ಟಪಟ್ಟು ಬಂದ’ ಅಂದರೆ ಬಂದ, ಶ್ರಮಪಟ್ಟು ಬಂದ. ‘ಇವತ್ತ ಅಂವ ಬರೋದು ಕಷ್ಟ’ ಅಂದರೆ ಬಹುಶಃ ಬರುವುದಿಲ್ಲ. ಈ ಎರಡನೇ ವಾಕ್ಯದಲ್ಲಿ ಯಾರೂ ಶ್ರಮಪಡುತ್ತಿಲ್ಲ. ಕನ್ನಡದ ‘ಕಷ್ಟ’ವೂ ಶ್ರಮದಿಂದ ಹೊರಟು ನಿಷೇಧದ ಅಂಚಿಗೆ ಬಂದಿದೆ. ಇಂಗ್ಲಿಷ್ ಈ ಎರಡಕ್ಕೆ ‘ಹಾರ್ಡ್’ ಮತ್ತು ‘ಹಾರ್ಡ್‌ಲಿ’ ಎಂದು ಎರಡು ರೂಪ ಮಾಡಿಕೊಂಡಿತು. ನಾವು ಒಂದೇ ಪದವನ್ನು ವಾಕ್ಯದ ಬೇರೆ ಬೇರೆ ಜಾಗದಲ್ಲಿಟ್ಟು ಅದೇ ಕೆಲಸ ತೆಗೆಯುತ್ತೇವೆ. ಇದನ್ನು ಹೇಳಿದ ಮೇಲೆ ನನ್ನ ತರಗತಿಯಲ್ಲಿ ಆ ತಪ್ಪು ಕಡಿಮೆಯಾಯಿತು. ವಿದ್ಯಾರ್ಥಿಗಳಿಗೆ ನಿಯಮ ಗೊತ್ತಿತ್ತು. ತಮ್ಮ ಭಾಷೆಯಲ್ಲೂ ಅದು ನಡೆಯುತ್ತದೆ ಎಂಬ ಧೈರ್ಯ ಬೇಕಿತ್ತು.

ಎರಡನೇ ತಪ್ಪು ಇನ್ನೂ ಆಳದ್ದು. ಕನ್ನಡದಲ್ಲಿ ನಿಷೇಧ ಕ್ರಿಯಾಪದದಲ್ಲಿದೆ, ಹಾಗಾಗಿ ವಾಕ್ಯದ ಕೊನೆಯಲ್ಲಿದೆ. ‘ಇಲ್ಲ’, ‘ಅಲ್ಲ’, ‘ಬೇಡ’, ‘ಆಗದು’, ನಮ್ಮ ಕಡೆಯ ‘ಬರಂಗಿಲ್ಲ’, ‘ಒಲ್ಲೆ’ ಎಲ್ಲವೂ ಕೊನೆಗೇ ಬರುತ್ತವೆ. ಇಂಗ್ಲಿಷಿನ ‘ನೋಬಡಿ’ ಮೊದಲ ಪದದಲ್ಲೇ ನಿಷೇಧ ಹೇಳಿಬಿಡುತ್ತದೆ. ನಮ್ಮ ‘ಯಾರೂ’ ಅದನ್ನು ಹೇಳಲಾರದು, ಅದು ಕೊನೆಯ ‘ಇಲ್ಲ’ಕ್ಕಾಗಿ ಕಾಯಬೇಕು. ಹಳಗನ್ನಡದಲ್ಲಿ ಈ ನಂಟು ಇನ್ನೂ ಬಿಗಿ. 13ನೇ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ವಿವರಿಸಿದ ಆ ಭಾಷೆಯಲ್ಲಿ ‘ನೋಡಿದೆಂ’ ಎಂದರೆ ನೋಡಿದೆ, ‘ನೋಡುವೆಂ’ ಎಂದರೆ ನೋಡುತ್ತೇನೆ, ‘ನೋಡೆಂ’ ಎಂದರೆ ನೋಡುವುದಿಲ್ಲ. ಕಾಲವನ್ನು ಹೇಳುವ ಪ್ರತ್ಯಯ ತೆಗೆದು ಧಾತುವಿಗೆ ನೇರ ಪುರುಷಪ್ರತ್ಯಯ ಹಚ್ಚಿದರೆ ನಿಷೇಧವಾಗುತ್ತದೆ. ‘ಒಲ್ಲೆ’, ‘ಅರಿಯೆ’ಗಳಲ್ಲಿ ಆ ಪದ್ಧತಿ ಇವತ್ತಿಗೂ ಉಳಿದಿದೆ. ಇಂಥ ಭಾಷೆಯಲ್ಲಿ ಬೆಳೆದವರು ‘ಹಾರ್ಡ್‌ಲಿ’ ಎಂದು ಹೇಳಿ, ಕ್ರಿಯಾಪದವನ್ನು ಹಾಗೆಯೇ ಬಿಟ್ಟರೆ ವಾಕ್ಯ ಮುಗಿಯಿತು ಅನ್ನಿಸುವುದಿಲ್ಲ. ಕೊನೆಗೆ ಒಂದು ‘ಇಲ್ಲ’ ಬೇಕು ಅನ್ನಿಸುತ್ತದೆ. ಆ ‘ಇಲ್ಲ’ವೇ ಬೇಡದ ‘ನಾಟ್’ ಆಗಿ ಇಂಗ್ಲಿಷಿಗೆ ಬರುತ್ತದೆ.

ಈಗ ಇದೇ ಪದವನ್ನು ಅನುವಾದಕರ ಕಡೆಯಿಂದ ನೋಡೋಣ. ಕನ್ನಡದಲ್ಲಿ ಅರ್ಧ ನಿಷೇಧ ಹೇಳಲು ದಾರಿಗಳೇ ಇಲ್ಲ ಎಂದಲ್ಲ, ಬೇಕಾದಷ್ಟಿವೆ. ಒಂದೊಂದರ ರುಚಿ ಬೇರೆ. ಪತ್ರಿಕೆಗಳ ಕನ್ನಡದಲ್ಲಿ ‘ಬಹುತೇಕ ಇಲ್ಲ’ ಎಂಬುದು ನಡೆಯುತ್ತದೆ. ಲೆಕ್ಕಕ್ಕೆ ಅದು ಸರಿ, ಆದರೆ ಯಾರ ಬಾಯಲ್ಲೂ ಕೇಳಿದ ನೆನಪಾಗುವುದಿಲ್ಲ. ‘ಅಷ್ಟಾಗಿ ಇಲ್ಲ’ ಎಂಬುದು ಸಭ್ಯ ಮಾತು, ‘ಹಾರ್ಡ್‌ಲಿ’ಗಿಂತ ಮೆತ್ತಗಿನದು. ‘ಅವರಿಗೆ ನನ್ನ ಪರಿಚಯ ಅಷ್ಟಾಗಿ ಇಲ್ಲ’ ಎಂದರೆ ಸ್ವಲ್ಪ ಪರಿಚಯ ಇದೆ ಎಂದೇ ಕೇಳುಗರು ತಿಳಿಯುತ್ತಾರೆ. ‘ಅಷ್ಟಕ್ಕಷ್ಟೇ’ಯಲ್ಲಿ ಅತೃಪ್ತಿ ಇದೆ. ‘ಅಪರೂಪ’ದಲ್ಲಿ ಪ್ರೀತಿ ಇದೆ. ಅಪರೂಪಕ್ಕೆ ಬರುವ ನೆಂಟರಿಗೆ ಮನೆಯಲ್ಲಿ ಹೋಳಿಗೆ ಆಗುತ್ತದೆ, ‘ರೇರ್ಲಿ’ ಬರುವವರಿಗೆ ಅದರ ಭರವಸೆ ಇಲ್ಲ. ‘ಇಲ್ಲವೆಂದೇ ಹೇಳಬೇಕು’ ಎಂದರೆ ಹೇಳುವವರೊಬ್ಬರು ವಾಕ್ಯದೊಳಗೆ ಬಂದು ಕೂತುಬಿಡುತ್ತಾರೆ. ಇನ್ನು ‘ಬೇರ್‌ಲಿ’. ಅದು ಗೆರೆಯ ಈಚೆಗೆ ನಿಂತ ಪದ. ‘ಬೇರ್‌ಲಿ’ ಪಾಸಾದ ಹುಡುಗ ಪಾಸಾಗಿದ್ದಾನೆ. ಅದಕ್ಕೆ ನಮ್ಮ ‘ಹಂಗೂ ಹಿಂಗೂ ಪಾಸಾದ’ ಸರಿಯಾಗಿ ಒಪ್ಪುತ್ತದೆ, ‘ಇಲ್ಲ’ ತಂದರೆ ಅರ್ಥವೇ ಕೆಡುತ್ತದೆ.

ಈ ಆಯ್ಕೆ ಎಷ್ಟು ಸೂಕ್ಷ್ಮ ಎಂಬುದು ಶಾಲೆಯ ವ್ಯಾಕರಣದ ಒಂದು ಹಳೆಯ ಅಭ್ಯಾಸದಲ್ಲಿ ಚೆನ್ನಾಗಿ ಕಾಣುತ್ತದೆ. ‘ಹಾರ್ಡ್‌ಲಿ ಹ್ಯಾಡ್ ಶಿ ಸ್ಯಾಟ್ ಡೌನ್ ವೆನ್ ದ ಬೇಬಿ ಕ್ರೈಡ್’ ಎಂಬಂಥ ವಾಕ್ಯ. ಇದನ್ನು ಕನ್ನಡದಲ್ಲಿ ‘ಅವಳು ಕೂತಿದ್ದೇ ತಡ, ಕೂಸು ಅತ್ತಿತು’ ಎನ್ನಬಹುದು. ‘ಅವಳು ಇನ್ನೂ ಕೂತಿರಲಿಲ್ಲ, ಅಷ್ಟರಲ್ಲಿ ಕೂಸು ಅತ್ತಿತು’ ಎಂದೂ ಹೇಳಬಹುದು. ಮೊದಲನೆಯದರಲ್ಲಿ ಅವಳು ಕೂತಳು. ಎರಡನೆಯದರಲ್ಲಿ ಕೂರಲಿಲ್ಲ. ಗಡಿಯಾರದ ಲೆಕ್ಕದಲ್ಲಿ ಎರಡೂ ಒಂದೇ ಗಳಿಗೆ. ಕಥೆಯ ಲೆಕ್ಕದಲ್ಲಿ ಒಂದಲ್ಲ. ಕೂತಿದ್ದೇ ತಡ ಎಂದಾಗ ಓದುಗರ ಗಮನ ಅಳುವ ಕೂಸಿನ ಕಡೆಗೆ ಹೋಗುತ್ತದೆ. ಇನ್ನೂ ಕೂತಿರಲಿಲ್ಲ ಎಂದಾಗ ದಣಿದ ಹೆಂಗಸಿನ ಮೇಲೆ ನಿಲ್ಲುತ್ತದೆ. ಇಂಗ್ಲಿಷ್ ವಾಕ್ಯ ಇದನ್ನು ತೀರ್ಮಾನಿಸದೆ ಬಿಟ್ಟಿತ್ತು. ಕನ್ನಡದಲ್ಲಿ ಅನುವಾದಕರು ತೀರ್ಮಾನಿಸಲೇಬೇಕು. ಆದರೆ ನಮ್ಮ ಅನುವಾದ ವಿಮರ್ಶೆ ಗಾದೆ, ನುಡಿಗಟ್ಟು, ಸಂಸ್ಕೃತಿಸೂಚಕ ಪದಗಳ ಬಗ್ಗೆ ಮಾತಾಡುವಷ್ಟು ಇಂಥ ಸಣ್ಣ ಪದಗಳ ಬಗ್ಗೆ ಮಾತಾಡುವುದಿಲ್ಲ. ಕಥೆಯೊಂದರ ಧ್ವನಿ ಕೆಡುವುದು ಹೆಚ್ಚಾಗಿ ಇಂಥಲ್ಲೇ.

ಹಾಗಾದರೆ ತೀರ್ಮಾನಿಸದೆ ಗೆರೆಯ ಮೇಲೆಯೇ ನಿಲ್ಲುವ ರೂಪ ಕನ್ನಡದಲ್ಲಿ ಇಲ್ಲವೇ? ಇಲ್ಲವೆಂದೇ ನಾನು ತಿಳಿದಿದ್ದೆ. ತಪ್ಪು ತಿಳಿವಳಿಕೆ ಎಂದು ಗೊತ್ತಾದದ್ದು ಪುಸ್ತಕದಿಂದಲ್ಲ.

ಎಂ.ಎ. ಮುಗಿಸಿದ ವರ್ಷ ಒಂದು ಸಮೀಕ್ಷೆಯಲ್ಲಿ ಕೆಲವು ವಾರ ಕೆಲಸ ಮಾಡಿದೆ. ಸಿಂಧನೂರು ಭಾಗದ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ, ಕನ್ನಡದಲ್ಲಿ ಕೇಳಿ, ಇಂಗ್ಲಿಷ್ ಫಾರ್ಮ್ ತುಂಬಬೇಕು. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. 1953ರಲ್ಲಿ ಪೂರ್ಣಗೊಂಡ ಅಣೆಕಟ್ಟು ಇಲ್ಲಿಯ ಜೋಳದ ಹೊಲಗಳನ್ನು ಭತ್ತದ ಗದ್ದೆ ಮಾಡಿತು, ಆಂಧ್ರದ ಕಡೆಯಿಂದ ಬಂದವರ ಕ್ಯಾಂಪುಗಳನ್ನು ತಂದಿತು, ಜೊತೆಗೆ ‘ಮೇಲ್ಭಾಗದ ರೈತರು’, ‘ಕೆಳಭಾಗದ ರೈತರು’ ಎಂಬ ಎರಡು ಪದಗಳನ್ನೂ ತಂದಿತು. ಮೇಲ್ಭಾಗದಲ್ಲಿ ನೀರು ಎಳೆದುಕೊಂಡಷ್ಟೂ ಕೆಳಭಾಗಕ್ಕೆ ಬರುವುದು ಕಡಿಮೆ. ಫಾರ್ಮಿನಲ್ಲಿ ಒಂದು ಪ್ರಶ್ನೆ ಇತ್ತು: ಹೊಲಕ್ಕೆ ಕಾಲುವೆ ನೀರು ಬರುತ್ತದೆಯೇ? ಉತ್ತರಕ್ಕೆ ಎರಡು ಚೌಕ, ‘ಯೆಸ್’ ಮತ್ತು ‘ನೋ’.

ಕೆಳಭಾಗದ ಒಬ್ಬ ಹಿರಿಯ ರೈತರನ್ನು ಕೇಳಿದೆ. ‘ಬರತೈತವ್ವಾ. ಬರಲಾರದಂಗ ಬರತೈತಿ’ ಅಂದರು. ನಾನು ‘ಯೆಸ್’ಗೆ ಗುರುತು ಹಾಕಿದೆ. ಅವರು ಬಗ್ಗಿ ನೋಡಿ, ‘ಏನ್ ಬರಕೊಂಡೆವ್ವಾ?’ ಅಂತ ಕೇಳಿದರು.

‘ಬರತೈತಿ ಅಂತ, ಕಾಕಾ.’

‘ಅಷ್ಟ ಬರದ್ರ ಸುಳ್ಳ ಆತು ನೋಡು.’

‘ಮತ್ತ ಬರಂಗಿಲ್ಲ ಅಂತ ಬರೀಲೇನು?’

‘ಅದೂ ಸುಳ್ಳ. ಕಾಲುವ್ಯಾಗ ನೀರು ಇದ್ದೂ ಇಲ್ಲದಂಗ ಐತಿ. ಹಂಗಂತ ಬರಿ.’

ಹಾಗಂತ ಬರೆಯಲು ಚೌಕ ಇರಲಿಲ್ಲ. ಬರುತ್ತದೆ ಎಂದು ಬರೆದರೆ ಅವರ ತೊಂದರೆ ಲೆಕ್ಕಕ್ಕೆ ಸಿಗುವುದಿಲ್ಲ. ಬರುವುದಿಲ್ಲ ಎಂದು ಬರೆದರೆ ನೀರಾವರಿಯ ಪಟ್ಟಿಯಿಂದಲೇ ತಮ್ಮ ಹೊಲ ಹೋದೀತು ಎಂಬ ಅಳುಕು ಅವರಿಗಿತ್ತು. ನಾನು ‘ಯೆಸ್’ ಅನ್ನು ಹಾಗೆಯೇ ಬಿಟ್ಟು ಮುಂದಿನ ಮನೆಗೆ ಹೋದೆ. ಸಂಜೆಯೊಳಗೆ ಇಷ್ಟು ಫಾರ್ಮ್ ಆಗಬೇಕು ಎಂಬ ಲೆಕ್ಕ ತಲೆಯಲ್ಲಿತ್ತು. ತಪ್ಪು ಫಾರ್ಮಿನದು ಮಾತ್ರವಲ್ಲ. ಅಂಚಿನಲ್ಲಿ ಜಾಗವಿತ್ತು, ಅವರು ಹೇಳಿದ್ದನ್ನು ಅಲ್ಲಿ ಬರೆಯಬಹುದಿತ್ತು.

ಅವರ ವಾಕ್ಯವನ್ನು ಈಗ ಬಿಡಿಸಿ ನೋಡುತ್ತೇನೆ. ‘ಇದ್ದೂ’ ಎಂಬುದು ಇರುವಿಕೆ. ‘ಇಲ್ಲದ’ ಎಂಬುದು ನಿಷೇಧ. ‘ಹಂಗ’ ಎಂಬುದು ಹೋಲಿಕೆ. ‘ಐತಿ’ ಎಂಬುದು ಮತ್ತೆ ಇರುವಿಕೆ. ನಿಷೇಧವನ್ನು ಒಳಗಿಟ್ಟು ಎರಡೂ ಕಡೆ ಇರುವಿಕೆಯನ್ನು ನಿಲ್ಲಿಸಿದ ವಾಕ್ಯ ಇದು. ಕೊನೆಗೆ ಬರುವುದು ‘ಐತಿ’. ಆದರೆ ನಡುವಿನ ‘ಇಲ್ಲ’ ಸುಮ್ಮನೆ ಕೂತಿಲ್ಲ. ‘ಯಾರೂ’, ‘ಏನೂ’ಗಳನ್ನು ಅದು ತನ್ನ ಪಕ್ಕಕ್ಕೆ ಕರೆದುಕೊಳ್ಳಬಲ್ಲದು. ‘ಊರಾಗ ಯಾರೂ ಇಲ್ಲದಂಗ ಐತಿ’ ಎನ್ನುತ್ತೇವೆ. ‘ಯಾರೂ ಐತಿ’ ಎಂಬುದು ಕನ್ನಡವಲ್ಲ, ಇಲ್ಲಿ ‘ಯಾರೂ’ಗೆ ಆಸರೆ ಕೊಟ್ಟದ್ದು ಒಳಗಿರುವ ‘ಇಲ್ಲ’. ‘ಹಾರ್ಡ್‌ಲಿ’ ಇಂಗ್ಲಿಷಿನಲ್ಲಿ ‘ಎನಿಬಡಿ’ಗೆ ಕೊಡುವ ಆಸರೆಯೂ ಇಂಥದ್ದೇ. ಒಂದು ಎಚ್ಚರಿಕೆ ಬೇಕು. ಬರೀ ‘ಇಲ್ಲದಂಗ ಐತಿ’ ಎಂದರೆ ‘ಇಲ್ಲವೆಂದು ಕಾಣುತ್ತದೆ’ ಎಂಬ ಊಹೆಯ ಅರ್ಥವೂ ಬರುತ್ತದೆ. ಮನೆಗೆ ಬೀಗ ಹಾಕಿದ್ದನ್ನು ಕಂಡಾಗ ಹೇಳುವುದು ಆ ಮಾತನ್ನೇ. ‘ಇದ್ದೂ’ ಸೇರಿದಾಗ ಊಹೆ ಹೋಗಿ, ಇರುವುದರ ಕೊರತೆ ಉಳಿಯುತ್ತದೆ.

ಅಂದರೆ ಕನ್ನಡದ ‘ಹಾರ್ಡ್‌ಲಿ’ ಒಂದು ಪದವಲ್ಲ, ಒಂದು ವಾಕ್ಯರಚನೆ. ನಾವು ಕ್ರಿಯಾವಿಶೇಷಣಗಳ ಪಟ್ಟಿಯಲ್ಲಿ ಹುಡುಕುತ್ತಿದ್ದೆವು. ಸಂಸ್ಕೃತದ ಚೌಕಟ್ಟು ಹಿಡಿದು ಕನ್ನಡವನ್ನು ನೋಡಿದರೆ ಕನ್ನಡದ್ದೇ ಆದ ರಚನೆಗಳು ಕಾಣುವುದಿಲ್ಲ ಎಂದು ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದಲ್ಲಿ ವಾದಿಸಿದ್ದರು. ಇಂಗ್ಲಿಷಿನ ಚೌಕಟ್ಟು ಹಿಡಿದಾಗಲೂ ಅದೇ ಆಗುತ್ತದೆ. ಅಲ್ಲಿಯ ಕ್ರಿಯಾವಿಶೇಷಣಕ್ಕೆ ಇಲ್ಲೂ ಕ್ರಿಯಾವಿಶೇಷಣವೇ ಬೇಕು ಎಂದು ಹಟ ಹಿಡಿದರೆ ‘ಬಹುತೇಕ ಇಲ್ಲ’ದಂಥವು ಹುಟ್ಟುತ್ತವೆ.

ರಚನೆ ಸಿಕ್ಕಿದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ಆ ರೈತರು ನೀರನ್ನು ಅಳೆದದ್ದು ಭತ್ತಕ್ಕೆ ಬೇಕಾದಷ್ಟರಿಂದ. ಅಳೆಯುವ ಕೋಲು ಬೇರೆಯಾದರೆ ಅದೇ ನೀರು ಬೇರೆಯಾಗಿ ಕಾಣುತ್ತದೆ. ಇಂಗ್ಲಿಷ್ ತರಗತಿಗಳಲ್ಲಿ ‘ಫ್ಯೂ’ ಮತ್ತು ‘ಎ ಫ್ಯೂ’ ವ್ಯತ್ಯಾಸ ಹೇಳಿಕೊಡುತ್ತಾರೆ. ಎರಡರಲ್ಲೂ ಜನ ಐದೇ ಇರಬಹುದು. ‘ಎ ಫ್ಯೂ’ ಎಂದಾಗ ಸೊನ್ನೆಯಿಂದ ಎಣಿಸುತ್ತೇವೆ, ಐದು ಜನ ಬಂದರಲ್ಲ ಎಂಬ ಸಮಾಧಾನ. ‘ಫ್ಯೂ’ ಎಂದಾಗ ತುಂಬಿದ ಸಭೆಯಿಂದ ಹಿಂದಕ್ಕೆ ಎಣಿಸುತ್ತೇವೆ, ಐದೇ ಜನ ಬಂದರಲ್ಲ ಎಂಬ ಬೇಸರ. ಕನ್ನಡ ಇದನ್ನು ಒಂದು ‘ಏ’ಕಾರದಲ್ಲಿ ಹೇಳುತ್ತದೆ: ಐದು ಜನ ಬಂದರು, ಐದೇ ಜನ ಬಂದರು. ‘ಹಾರ್ಡ್‌ಲಿ’ ಯಾವಾಗಲೂ ತುಂಬಿದ್ದರಿಂದ ಹಿಂದಕ್ಕೆ ಎಣಿಸುವ ಪದ. ಇಷ್ಟಿರಬೇಕಿತ್ತು, ಇಲ್ಲ ಎಂಬ ನಿರಾಸೆ ಅದರೊಳಗೆ ಸೇರಿಕೊಂಡಿದೆ.

ನಿರಾಸೆ ಇಲ್ಲದ ಕಡಿಮೆಯನ್ನು ಈ ಪದ ಹೇಳಲಾರದು. ಅದಕ್ಕೆ ನಮ್ಮ ನೆರೆಯ ಕಥೆಯೇ ಸಾಕ್ಷಿ. 12ನೇ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ಲಿಂಗಸುಗೂರು ತಾಲೂಕಿನ ಅಮರೇಶ್ವರದವರು. ಇಬ್ಬರೂ ವಚನಕಾರರು. ಲಕ್ಕಮ್ಮನ ವಚನಗಳ ಅಂಕಿತದಲ್ಲಿ ಗಂಡನ ಹೆಸರೂ ಇದೆ, ಊರ ದೇವರ ಹೆಸರೂ ಇದೆ. ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದ ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ನೋಡಿ, ಈ ಹೆಚ್ಚಿನ ಆಸೆ ಯಾಕೆ ಬಂತು ಎಂದು ಗಂಡನನ್ನು ಕೇಳಿ, ಮಿಕ್ಕಿದ್ದನ್ನು ಸುರಿದ ಜಾಗದಲ್ಲೇ ಸುರಿದು ಬಾ ಎಂದು ಕಳಿಸಿದಳು. ಕಥೆ ಎಲ್ಲರಿಗೂ ಗೊತ್ತಿರುವುದೇ.

ಇದನ್ನು ಇಂಗ್ಲಿಷಿನಲ್ಲಿ ಹೇಳುವಾಗ ಅವರ ಮನೆಯಲ್ಲಿ ‘ಹಾರ್ಡ್‌ಲಿ ಎನಿ ರೈಸ್’ ಇತ್ತು ಎಂದು ಬರೆಯುವುದು ಬಹಳ ಸುಲಭ. ತರಗತಿಯಲ್ಲಿ ಸಾರಾಂಶ ಬರೆಯಲು ಕೊಟ್ಟಾಗ ಒಬ್ಬರಲ್ಲ, ನಾಲ್ಕೈದು ಜನ ಹಾಗೆಯೇ ಬರೆದಿದ್ದರು. ಅಳತೆಯಲ್ಲಿ ಅದು ನಿಜ. ಕಥೆಗೆ ಮಾತ್ರ ಅದು ಪೂರ್ತಿ ಸುಳ್ಳು. ಲಕ್ಕಮ್ಮ ತುಂಬಿದ ಕಣಜದಿಂದ ಹಿಂದಕ್ಕೆ ಎಣಿಸುವವಳಲ್ಲ. ಅವಳ ಅಳತೆ ಆ ದಿನದ ಅಗತ್ಯದ್ದು. ಆ ಅಳತೆಯಲ್ಲಿ ಅಕ್ಕಿ ಕಡಿಮೆಯಲ್ಲ, ಸಾಕು. ‘ಹಾರ್ಡ್‌ಲಿ’ ಬಂದ ಕೂಡಲೇ ಅವಳು ಬಡವಿಯಾಗಿಬಿಡುತ್ತಾಳೆ, ಅಕ್ಕಿ ಹಿಂದಿರುಗಿಸುವುದು ಬಡವಿಯ ಹಟವಾಗುತ್ತದೆ. ಅಧಿಕಾರದಿಂದ ತಿದ್ದುವ ಹೆಂಗಸು ಆ ವಾಕ್ಯದಿಂದ ಕಾಣೆಯಾಗುತ್ತಾಳೆ. ಒಂದು ಕ್ರಿಯಾವಿಶೇಷಣಕ್ಕೆ ಇಷ್ಟು ಶಕ್ತಿ ಇದೆ.

ಕನ್ನಡದ ರಚನೆಯನ್ನೂ ಹೊಗಳಿ ಸುಮ್ಮನಾಗುವಂತಿಲ್ಲ. ‘ಇದ್ದೂ ಇಲ್ಲದಂಗ’ ಎಂಬುದಕ್ಕೆ ನಮ್ಮಲ್ಲಿ ಇನ್ನೊಂದು ಬಳಕೆ ಇದೆ. ಸಂಸಾರದಲ್ಲಿದ್ದೂ ಇಲ್ಲದಂತೆ ಇರುವುದು ಅನುಭಾವದ ಆದರ್ಶ. ಹಾಗಾಗಿ ಕೊರತೆ ಹೇಳುವ ಈ ಮಾತು ಹೊಗಳಿಕೆಯೂ ಆಗುತ್ತದೆ. ಊರಲ್ಲಿ ಈ ಹೊಗಳಿಕೆ ಯಾರ ಪಾಲಿಗೆ ಬರುತ್ತದೆ ಎಂಬುದನ್ನು ಗಮನಿಸಬೇಕು. ‘ಸೊಸಿ ಬಾಳ ಚೊಲೊ ಅದಾಳ, ಮನ್ಯಾಗ ಇದ್ದೂ ಇಲ್ಲದಂಗ ಇರತಾಳ.’ ಇದನ್ನು ನಾನು ಬೆಳೆಯುತ್ತ ಎಷ್ಟೋ ಸಲ ಕೇಳಿದ್ದೇನೆ, ನನ್ನ ಮುಂದೆ ಮಾದರಿಯಾಗಿ ಇಟ್ಟದ್ದನ್ನೂ ಕೇಳಿದ್ದೇನೆ. ಅಳಿಯನ ಬಗ್ಗೆ ಹೀಗೆ ಹೊಗಳಿದ್ದನ್ನು ಕೇಳಿಲ್ಲ. ಅಳಿಯ ಇದ್ದೂ ಇಲ್ಲದಂಗ ಇದ್ದರೆ ಅದು ದೂರು.

ಒಂದೇ ರಚನೆ ನೀರಿಗೆ ಅಂದಾಗ ಕೊರತೆ, ಶರಣರಿಗೆ ಅಂದಾಗ ಹಿರಿಮೆ, ಸೊಸೆಗೆ ಅಂದಾಗ ಮೆಚ್ಚುಗೆಯ ಹೆಸರಿನಲ್ಲಿ ಅಳಿಸಿಹಾಕುವುದು. ಕನ್ನಡ ಕಥೆಯೊಂದರಲ್ಲಿ ಅತ್ತೆಯ ಬಾಯಿಂದ ಈ ಮಾತು ಬಂದರೆ ಇಂಗ್ಲಿಷಿಗೆ ಹೇಗೆ ತರುವುದು? ‘ಯು ಹಾರ್ಡ್‌ಲಿ ನೋಟಿಸ್ ಹರ್’ ಎಂದರೆ ಅಳಿಸಿಹಾಕುವುದು ಉಳಿಯುತ್ತದೆ, ಮೆಚ್ಚುಗೆ ಹೋಗುತ್ತದೆ. ಅತ್ತೆ ಕೆಟ್ಟವಳಾಗಿ ಕಾಣುತ್ತಾಳೆ. ಆದರೆ ಅವಳು ಪ್ರೀತಿಯಿಂದಲೇ ಹೇಳಿರಬಹುದು, ಕಥೆಯ ನೋವು ಇರುವುದೂ ಅಲ್ಲೇ. ಇಲ್ಲಿ ‘ಹಾರ್ಡ್‌ಲಿ’ಯನ್ನು ಕೈಬಿಟ್ಟು, ಅವಳು ಯಾರಿಗೂ ತೊಂದರೆಯಾಗದ ಹಾಗೆ ಇರುತ್ತಾಳೆ, ಮನೆಯಲ್ಲಿದ್ದಾಳೆ ಎಂಬುದೇ ಮರೆತುಹೋಗುತ್ತದೆ ಎಂದು ಎರಡು ಮಾತಿನಲ್ಲಿ ಹೇಳುವುದು ನನಗೆ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ವಾಕ್ಯ ಉದ್ದವಾಗುತ್ತದೆ, ಆಗಲಿ.

ವಿದ್ಯಾರ್ಥಿಗಳಿಗೆ ನಾನೀಗ ‘ಹಾರ್ಡ್‌ಲಿ’ಗೆ ಅರ್ಥ ಬರೆಸುವುದಿಲ್ಲ. ಎದುರಾದ ಪ್ರತಿ ವಾಕ್ಯಕ್ಕೂ ಮೂರು ಪ್ರಶ್ನೆ ಕೇಳಿಕೊಳ್ಳಲು ಹೇಳುತ್ತೇನೆ. ನಡೆದದ್ದು ನಡೆಯಿತೋ ಇಲ್ಲವೋ? ಕಡಿಮೆ ಎಂದು ಹೇಳುತ್ತಿರುವವರು ಯಾವುದರಿಂದ ಅಳೆಯುತ್ತಿದ್ದಾರೆ? ಆ ಕಡಿಮೆಯಿಂದ ಅವರಿಗೆ ಬೇಸರವೋ, ಸಮಾಧಾನವೋ, ಮೆಚ್ಚುಗೆಯೋ? ಇವಕ್ಕೆ ಉತ್ತರ ಸಿಕ್ಕ ಮೇಲೆ ಕನ್ನಡ ತಾನೇ ಬರುತ್ತದೆ. ಒಂದು ಕಡೆ ‘ಹಂಗೂ ಹಿಂಗೂ’, ಇನ್ನೊಂದು ಕಡೆ ‘ಅಷ್ಟಾಗಿ ಇಲ್ಲ’, ಮತ್ತೊಂದು ಕಡೆ ‘ಬರೋದು ಕಷ್ಟ’. ಯಾವುದೂ ಒಪ್ಪದೆ ಗೆರೆಯ ಮೇಲೆಯೇ ನಿಲ್ಲಬೇಕಾದಾಗ ‘ಇದ್ದೂ ಇಲ್ಲದಂಗ’.

ಆ ಸಮೀಕ್ಷೆಯ ವರದಿಯನ್ನು ನಾನು ನೋಡಿಲ್ಲ. ಕಾಕಾ ಅವರ ಹೊಲ ಅದರಲ್ಲಿ ನೀರು ಬರುವ ಹೊಲಗಳ ಸಾಲಿನಲ್ಲೇ ಇರುತ್ತದೆ, ಯಾಕೆಂದರೆ ಆ ಗುರುತು ಹಾಕಿದವಳು ನಾನು. ಭಾಷೆ ಬಾರದೆ ಸಂದರ್ಶನದಲ್ಲಿ ನಗೆಗೀಡಾದದ್ದಕ್ಕಿಂತ, ಭಾಷೆ ಬಂದೂ ಅವತ್ತು ಅವರ ಮಾತನ್ನು ಬರೆದುಕೊಳ್ಳದೆ ಬಂದದ್ದು ನನಗೆ ಹೆಚ್ಚು ನೆನಪಾಗುತ್ತದೆ.